ಹಾಲಿನ ಮೇಲೆ ಬಂದ ಮಾತು

ಸಂತೆಕಲ್ಲೂರಿನಿಂದ ಲಿಂಗಸುಗೂರಿಗೆ ಹೋಗುವ ಬೆಳಗಿನ ಆಟೋದಲ್ಲಿ ಎಂಟು ಜನ ಕೂರುವ ಕಡೆ ಹನ್ನೆರಡು ಜನ ಕೂರುತ್ತಾರೆ. ಆದರೂ ಹೋದ ವರ್ಷ ಗದ್ದೆಮ್ಮನ ಪಕ್ಕದಲ್ಲಿ ಮಾತ್ರ ಒಂದು ಗೇಣು ಜಾಗ ಉಳಿಯುತ್ತಿತ್ತು. ಲಿಂಗಸುಗೂರಿನ ಆಸ್ಪತ್ರೆಯಲ್ಲಿ ಅವಳು ಹಿಡಿದ ಹೊಸ ಕೆಲಸ ಏನು ಎಂದು ಊರಿಗೆ ಗೊತ್ತಾದ ಮೇಲಿನ ಮಾತು ಇದು.

"ಏನಬೇ ಗದ್ದೆಮ್ಮ, ನಿನ್ನೆ ಎಷ್ಟ ಡಬ್ಬಿ ತುಂಬಿಸಿದಿ?" ಎಂದು ಆಟೋ ಓಡಿಸುವ ಬುಡ್ಡೇಸಾಬ್ ಕನ್ನಡಿಯಲ್ಲಿ ನೋಡಿ ಕೇಳುತ್ತಿದ್ದ. ಹಿಂದೆ ಕೂತವರು ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಿದ್ದರು.

"ಐದು ಡಬ್ಬಿ ಆದ್ವು. ನಿನ್ನ ಮೊಮ್ಮಗಂದು ಬಂದ್ರ ಆರು ಆಕ್ಕಾವ, ಕರ್ಕೊಂಡ ಬಾ," ಎನ್ನುತ್ತಿದ್ದಳು ಗದ್ದೆಮ್ಮ. ಅವಳಿಗೆ ಸಿಟ್ಟು ಬರುತ್ತಿರಲಿಲ್ಲ. ಒಂಬತ್ತು ವರ್ಷ ಮಕ್ಕಳ ವಾರ್ಡಿನ ನೆಲ ಒರೆಸಿದ ಹೆಂಗಸು ಅವಳು. ಹೇಲು ಉಚ್ಚೆಗೆ ಮೂಗು ಮುಚ್ಚಿಕೊಳ್ಳುವ ಕಾಲ ಯಾವಾಗಲೋ ದಾಟಿ ಹೋಗಿತ್ತು.

ಕೆಲಸ ಬಂದದ್ದು ಹೀಗೆ. ಜುಲಾಬು ಹತ್ತಿ ವಾರ್ಡಿಗೆ ಬರುವ ಐದು ವರ್ಷದೊಳಗಿನ ಮಕ್ಕಳಿಗೆ ಯಾವ ಯಾವ ವೈರಸ್ಸಿನಿಂದ ಬೇನೆ ಬರುತ್ತಿದೆ ಎಂದು ನೋಡಲು ಒಂದು ಅಧ್ಯಯನ ಶುರುವಾಗಿತ್ತು. ಅದಕ್ಕೆಂದು ಸಿಂಧನೂರಿನವರೇ ಆದ ಡಾಕ್ಟರ್ ನಾಸೀರ್ ಬಂದಿದ್ದರು. ಆಸ್ಪತ್ರೆಯ ಹಿಂದಿನ ಒಂದು ಕೋಣೆಗೆ ಸುಣ್ಣ ಹೊಡೆಸಿ, ಒಂದು ಫ್ರಿಜ್ಜು, ನಾಲ್ಕಾರು ಮಷಿನು ಇಟ್ಟುಕೊಂಡಿದ್ದರು. ಅವರಿಗೆ ಬೇಕಾದದ್ದು ಪ್ರತಿ ಮಗುವಿನ ಒಂದು ಚಮಚ ಭೇದಿ. ಕೇಳಲು ಸುಲಭ, ಸಿಗುವುದು ಕಷ್ಟ. ನೀರಿನಂಥ ಭೇದಿ ಹಾಸಿಗೆಯೊಳಗೆ ಇಂಗಿ ಹೋಗುತ್ತದೆ. ಡಬ್ಬಿ ಹಿಡಿದುಕೊಂಡು ಬಂದ ನರ್ಸಿಂಗ್ ಹುಡುಗಿಯರನ್ನು ಕಂಡರೆ ಅಜ್ಜಿಯರು, "ಕೂಸಿಂದ ತಗೊಂಡು ಏನ್ ಮಾಟಾ ಮಾಡಸ್ತೀರಿ?" ಎಂದು ಬೈದು ಕಳಿಸುತ್ತಿದ್ದರು. ಮೊದಲ ವಾರ ನಾಸೀರರಿಗೆ ಸಿಕ್ಕದ್ದು ಎರಡೇ ಡಬ್ಬಿ.

ಮೂರನೆಯದನ್ನು ತಂದುಕೊಟ್ಟವಳು ಗದ್ದೆಮ್ಮ. ಯಾರೂ ಹೇಳಿರಲಿಲ್ಲ. ಮಗುವಿನ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ತಾಯಿಯ ಜೊತೆ ಅದೂ ಇದೂ ಮಾತಾಡುತ್ತ ಕೂತು, ಮಗು ಭೇದಿ ಮಾಡಿದ ಕೂಡಲೇ ಹಾಳೆಯನ್ನು ಮಡಿಸಿ ಮೂಲೆಯಿಂದ ಡಬ್ಬಿಗೆ ಇಳಿಸಿಬಿಟ್ಟಿದ್ದಳು. ನಾಸೀರ್ ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿ, "ಗದ್ದೆಮ್ಮಕ್ಕ, ನಾಳಿಂದ ಈ ಕೆಲಸ ನಿಮ್ದ ನೋಡ್ರಿ," ಎಂದರು.

ನಾಲ್ಕನೇ ಇಯತ್ತೆವರೆಗೆ ಓದಿದ ಗದ್ದೆಮ್ಮ ಡಬ್ಬಿಯ ಮೇಲೆ ಹೆಸರು, ಊರು, ವಯಸ್ಸು ತಾನೇ ಬರೆಯುತ್ತಿದ್ದಳು. ಅಕ್ಷರ ದಪ್ಪ, ಸಾಲು ಸೊಟ್ಟ. ಆದರೆ ಒಂದು ಡಬ್ಬಿಯೂ ಅದಲು ಬದಲಾಗಲಿಲ್ಲ.

ನಾಸೀರರಿಗಾಗಲಿ ವಾರ್ಡಿನ ಬೇರೆ ಯಾರಿಗಾಗಲಿ ಗೊತ್ತಿರದ ಒಂದು ಸಂಗತಿ ಇತ್ತು. ಗದ್ದೆಮ್ಮ ತಾನಾಗಿಯೇ ಆ ಕೆಲಸಕ್ಕೆ ಕೈ ಹಾಕಿದ್ದು ಸುಮ್ಮನೆ ಅಲ್ಲ.

ಇಪ್ಪತ್ತೈದು ವರ್ಷದ ಹಿಂದೆ ಅವಳಿಗೆ ಹುಲಿಗೆವ್ವ ಎಂಬ ಮಗಳಿದ್ದಳು. ಚೊಚ್ಚಲು. ಗಂಡ ಮಾಳಿಂಗರಾಯ ಕುರಿ ಹಿಂಡು ಹೊಡೆದುಕೊಂಡು ಕೃಷ್ಣಾ ದಂಡೆಯ ಕಡೆ ಹೋಗಿದ್ದ. ಬಿಳಿಜೋಳ ತೆನೆ ಕಟ್ಟುವ ಚಳಿಗಾಲ. ಹತ್ತು ತಿಂಗಳ ಹುಲಿಗೆವ್ವ ಹೊಸ್ತಿಲು ಹಿಡಿದು ನಿಲ್ಲಲು ಕಲಿತಿದ್ದಳು. ಒಂದು ಬೆಳಗ್ಗೆ ಕುಡಿದ ಹಾಲನ್ನೆಲ್ಲ ಕಾರಿಕೊಂಡಳು. ಮಧ್ಯಾಹ್ನ ಮೈ ಬಿಸಿಯಾಯಿತು. ಸಂಜೆಯಿಂದ ಜುಲಾಬು ಹತ್ತಿತು, ಅಕ್ಕಿ ತೊಳೆದ ನೀರಿನಂತೆ.

ಅತ್ತೆ ಯಮನೂರಮ್ಮ ಜಾಯಿಕಾಯಿ ತೇಯ್ದು ನೆಕ್ಕಿಸಿದಳು. ದಿಷ್ಟಿ ತೆಗೆದಳು. ಯಾವುದಕ್ಕೂ ನಿಲ್ಲದಿದ್ದಾಗ ಸೊಸೆಯ ಕಡೆ ತಿರುಗಿ, "ನೀ ನಿನ್ನೆ ತಂಗಳ ಉಂಡು ಬಿಸಿಲಾಗ ಕಳೇ ತಗ್ಯಾಕ ಹೋಗಿದ್ದೆಲ್ಲ, ನಿನ್ನ ಹಾಲು ಕೆಟ್ಟಾವ. ಕುಡಿಸಬ್ಯಾಡ," ಎಂದಳು. ಗದ್ದೆಮ್ಮ ಕುಡಿಸಲಿಲ್ಲ. ನೀರು ಕೊಟ್ಟರೆ ಜುಲಾಬು ಹೆಚ್ಚಾಗುತ್ತದೆ ಎಂದರು, ನೀರೂ ಕೊಡಲಿಲ್ಲ. ಹಾಲು ತುಂಬಿ ಎದೆ ಕಲ್ಲಾಗಿ, ರವಿಕೆ ತೊಯ್ದು ಹೋಗುತ್ತಿತ್ತು. ತೊಡೆಯ ಮೇಲಿನ ಮಗು ಒಣಗಿದ ನಾಲಿಗೆಯನ್ನು ಹೊರಗೆ ಹಾಕಿ ಹುಡುಕುತ್ತಿತ್ತು. ಮೂರನೆಯ ದಿನ ಜೀಪು ಹಿಡಿದು ಲಿಂಗಸುಗೂರಿಗೆ ಹೊರಟರು. ಆಸ್ಪತ್ರೆ ತಲುಪುವ ಮೊದಲೇ ಯಮನೂರಮ್ಮ ಜೀಪು ನಿಲ್ಲಿಸಲು ಹೇಳಿದಳು.

ಆಮೇಲೆ ಯಾರೂ ಗದ್ದೆಮ್ಮನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ಒಂದು ಮಾತು ಮಾತ್ರ ಉಳಿಯಿತು. ಎರಡು ವರ್ಷದ ನಂತರ ಹುಲಿಗೇಶ ಹುಟ್ಟಿದಾಗ ಅವಳು ಪ್ರತಿ ಸಲವೂ ಮೊದಲ ನಾಲ್ಕು ಹನಿ ಹಾಲನ್ನು ನೆಲಕ್ಕೆ ಹಿಂಡಿ, ಬೆರಳಿನಿಂದ ಮುಟ್ಟಿ ನೋಡಿ, ಆಮೇಲೆ ಮಗುವಿನ ಬಾಯಿಗೆ ಇಡುತ್ತಿದ್ದಳು. ಯಾಕೆ ಎಂದು ಮಾಳಿಂಗರಾಯ ಒಮ್ಮೆ ಕೇಳಿದ. ಅವಳು ಹೇಳಲಿಲ್ಲ. ಹುಲಿಗೇಶ ಬೆಳೆದ, ಈಗ ಸಿಂಧನೂರಿನ ಕಡೆ ಭತ್ತ ಕೊಯ್ಯುವ ಮಷಿನ್ ಓಡಿಸುತ್ತಾನೆ. ಅವಳ ಮನಸ್ಸಿನ ಮೇಲಿನ ಮಾತು ಮಾತ್ರ ಇದ್ದ ಹಾಗೇ ಇತ್ತು.

ಈ ಸಲದ ಜನವರಿಯಲ್ಲಿ ವಾರ್ಡು ತುಂಬಿ ಹೋಯಿತು. ಒಂದೊಂದು ಮಂಚಕ್ಕೆ ಇಬ್ಬಿಬ್ಬರು ಮಕ್ಕಳು. ಎಲ್ಲರದೂ ಒಂದೇ ಕತೆ, ಮೊದಲು ವಾಂತಿ, ಜ್ವರ, ಆಮೇಲೆ ನೀರು. ಗುರುಗುಂಟಾದಿಂದ ಜ್ಯೋತಿ ಎಂಬ ಹುಡುಗಿ ಒಂಬತ್ತು ತಿಂಗಳ ಮಗಳನ್ನು ಎತ್ತಿಕೊಂಡು ಬಂದಳು. ಹುಡುಗಿ ಎನ್ನಬೇಕು, ಇಪ್ಪತ್ತರ ಮೇಲೆ ಇರಲಿಕ್ಕಿಲ್ಲ. ಜೊತೆಗೆ ಅವಳ ಅತ್ತೆ. ಮಗುವಿನ ಕಣ್ಣು ಒಳಗೆ ಹೋಗಿದ್ದವು, ನೆತ್ತಿ ತಗ್ಗಾಗಿತ್ತು, ಹೊಟ್ಟೆಯ ಚರ್ಮ ಹಿಡಿದೆಳೆದು ಬಿಟ್ಟರೆ ಹಾಗೇ ನಿಲ್ಲುತ್ತಿತ್ತು. ನರ್ಸ್ ರೇಣುಕಾದೇವಿ ಸಲೈನ್ ಹಚ್ಚಿದಳು. ಗದ್ದೆಮ್ಮ ಪ್ಲಾಸ್ಟಿಕ್ ಹಾಳೆ, ಡಬ್ಬಿ ತೆಗೆದುಕೊಂಡು ಮಂಚದ ಪಕ್ಕ ಕೂತಳು.

"ಎಷ್ಟ ದಿನ ಆತು ತಂಗಿ?"

"ಎಲ್ಡ ದಿನಾರಿ."

"ಹಾಲು ಕುಡ್ಯಾಕತ್ತೈತೇನು?"

ಜ್ಯೋತಿ ತಲೆ ತಗ್ಗಿಸಿದಳು. ಉತ್ತರ ಕೊಟ್ಟವಳು ಅತ್ತೆ.

"ಎಲ್ಲಿ ಹಾಲು? ನಿನ್ನೆ ಮುಂಜಾನಿಂದ ಬಿಡಿಸೀವಿ. ಈಕಿ ಹಾಲು ಕೆಟ್ಟಾವ. ಅದಕ್ಕ ಕೂಸಿಗೆ ಹಿಂಗಾಗೈತಿ."

ಗದ್ದೆಮ್ಮನ ಕೈಯಲ್ಲಿದ್ದ ಡಬ್ಬಿಯ ಮುಚ್ಚಳ ಕೆಳಗೆ ಬಿದ್ದು ಮಂಚದ ಅಡಿಗೆ ಉರುಳಿತು. ಬಗ್ಗಿ ಹುಡುಕುವ ನೆಪದಲ್ಲಿ ಅವಳು ಸ್ವಲ್ಪ ಹೊತ್ತು ಅಲ್ಲೇ ಕೂತಳು. ಜ್ಯೋತಿಯ ಕುಪ್ಪಸದ ಮೇಲೆ ಎರಡು ಒದ್ದೆ ಕಲೆ. ಅವನ್ನು ಮುಚ್ಚಿಕೊಳ್ಳಲು ಹುಡುಗಿ ಸೆರಗನ್ನು ಎಳೆದೆಳೆದು ಸರಿಮಾಡಿಕೊಳ್ಳುತ್ತಿದ್ದಳು.

ಡಬ್ಬಿ ತುಂಬಿದ ಮೇಲೆ ಗದ್ದೆಮ್ಮ ಹಿಂದಿನ ಕೋಣೆಗೆ ಹೋದಳು. ಬೇರೆ ದಿನವಾದರೆ ಡಬ್ಬಿ ಇಟ್ಟು ಬರುತ್ತಿದ್ದವಳು ಬಾಗಿಲಲ್ಲೇ ನಿಂತಳು.

"ಸರ್, ಒಂದ ಮಾತು ಕೇಳ್ಲೇನ್ರಿ?"

"ಕೇಳ್ರಿ ಗದ್ದೆಮ್ಮಕ್ಕ."

"ತಾಯಿ ಹಾಲು ಕೆಟ್ಟಿದ್ರ ಈ ಬ್ಯಾನಿ ಬರತೈತೇನ್ರಿ?"

ನಾಸೀರ್ ಕೈಗವಸು ತೆಗೆದು ಅವಳನ್ನು ಒಳಗೆ ಕರೆದರು. ಮೇಜಿನ ಮೇಲೆ ಅಂಗೈ ಅಗಲದ ಒಂದು ಪ್ಲಾಸ್ಟಿಕ್ ತಟ್ಟೆ ಇತ್ತು. ಚೌಕಾಬಾರದ ಮನೆಗಳ ಹಾಗೆ ಸಾಲು ಸಾಲು ಸಣ್ಣ ಗುಣಿ. ಕೆಲವು ಗುಣಿಯಲ್ಲಿ ನೀರು ತಿಳಿಯಾಗಿತ್ತು, ಕೆಲವು ಅರಿಸಿನ ಹಾಕಿದಂತೆ ಹಳದಿಯಾಗಿದ್ದವು.

"ಇವೆಲ್ಲ ನೀವ ತಂದ ಡಬ್ಬಿ. ಹಳದಿ ಆದದ್ದರಾಗ ರೋಟಾ ಅನ್ನೋ ವೈರಸ್ ಐತಿ. ತಿಳಿ ಇದ್ದದ್ದರಾಗ ಅದು ಇಲ್ಲ. ಬ್ಯಾರೆ ಇರಬಹುದು, ನೋರೋ ಅಂತೈತಿ, ಅಡಿನೋ ಅಂತೈತಿ, ಆಸ್ಟ್ರೋ ಅಂತೈತಿ. ಅವನ್ನ ದೊಡ್ಡ ಲ್ಯಾಬಿಗೆ ಕಳಸಬೇಕು."

"ಕೊರೊನಾದಂಗೇನ್ರಿ?"

"ಅದು ಗಾಳ್ಯಾಗ ಬರ್ತಿತ್ತು, ಇದು ಕೈಯಾಗಿಂದ ಬಾಯಿಗೆ ಬರತೈತಿ. ಒಂದ ಕೂಸಿಂದು ತೊಳದ ಕೈ ಸಾಬೂನ ಕಾಣಲಿಲ್ಲ ಅಂದ್ರ, ಅದ ಕೈ ಇನ್ನೊಂದ ಕೂಸಿನ ಗಲ್ಲ ಮುಟ್ಟತೈತಿ. ಮಣ್ಣಿನ ಮನಿ, ಬಂಗ್ಲೆ, ಯಾವ ಮನಿನೂ ಬಿಡಂಗಿಲ್ಲ. ನನ್ನ ಮಗ ವಾಸಿಮ್‌ಗೂ ಬಂದಿತ್ತು, ಅವರವ್ವನೂ ಡಾಕ್ಟರ್, ನಾನೂ ಡಾಕ್ಟರ್. ಚಳಿಗಾಲದಾಗ ಜಾಸ್ತಿ."

"ಹಾಲು?"

"ಹಾಲಿಗೂ ಇದಕ್ಕೂ ಸಂಬಂಧನ ಇಲ್ಲ. ತಾಯಿ ಹಾಲು ಕೂಸಿಗೆ ಆಸರ ಆಕ್ಕೈತಿ. ಜುಲಾಬು ಇದ್ದಾಗಂತೂ ಬಿಡಿಸಲೇಬಾರದು. ಈ ಬ್ಯಾನ್ಯಾಗ ಕೂಸು ಸಾಯೋದು ಮೈಯಾಗಿನ ನೀರು ಹೋಗಿ. ಹೋದಷ್ಟು ಒಳಗ ಹಾಕಿದ್ರ ನಾಕೈದು ದಿನದಾಗ ವೈರಸ್ಸು ತಾನ ಹೋಕ್ಕೈತಿ."

ಗದ್ದೆಮ್ಮ ಹಳದಿ ಗುಣಿಗಳನ್ನೇ ನೋಡುತ್ತಿದ್ದಳು. ನಂತರ ಹೆಸರು ಹೇಳದೆ ಹುಲಿಗೆವ್ವನ ವಿಷಯ ಹೇಳಿದಳು. ಮೂರು ದಿನದ ಕತೆಯನ್ನು ಹತ್ತು ಮಾತಿನಲ್ಲಿ ಹೇಳಿ ಮುಗಿಸಿದಳು. ನಾಸೀರ್ ಅವಳ ಮುಂದೆ ಕುರ್ಚಿ ಎಳೆದು ಕೂತರು.

"ಅಷ್ಟ ವರ್ಷದ ಹಿಂದಿಂದು, ಯಾವ ವೈರಸ್ಸು ಅಂತ ನಾ ಖಾತ್ರಿ ಹೇಳಾಕ ಬರಂಗಿಲ್ಲಕ್ಕ," ಎಂದರು. "ನೀವು ಹೇಳೋದು ಕೇಳಿದ್ರ ಇದರಂಗ ಕಾಣತೈತಿ. ಆದ್ರ ನಿಮ್ಮ ಹಾಲಿಂದಲ್ಲ. ಅದು ಖಾತ್ರಿ."

ಹೊರಗೆ ಬಂದು ಅವಳು ನಲ್ಲಿಯ ಹತ್ತಿರ ನಿಂತಳು. ಸಾಬೂನು ಹಚ್ಚಿ ಕೈ ತೊಳೆದಳು, ಮತ್ತೆ ತೊಳೆದಳು. ಹಗುರಾಗಬೇಕಿತ್ತು ಮನಸ್ಸು. ಒಂದು ಕ್ಷಣ ಆಯಿತು ಕೂಡ. ಆದರೆ ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ಹಾಲು ಕೆಟ್ಟಿರಲಿಲ್ಲ ಎಂದರೆ, ಕುಡಿಸಬಹುದಿತ್ತು. ಕುಡಿಸಿದ್ದರೆ ಹುಲಿಗೆವ್ವ ಉಳಿಯುತ್ತಿದ್ದಳೇನೋ. ಎದೆ ತುಂಬ ಹಾಲು ಇಟ್ಟುಕೊಂಡು ತಾನು ಸುಮ್ಮನೆ ಕೂತಿದ್ದಳು. ಸಿಟ್ಟು ಬಂತು ಅವಳಿಗೆ. ಅತ್ತೆಯ ಮೇಲೆ, ತನ್ನ ಮೇಲೆ, ಜೀಪಿನಲ್ಲಿ ಸುಮ್ಮನೆ ಕೂತಿದ್ದ ಎಲ್ಲರ ಮೇಲೆ.

ವಾರ್ಡಿಗೆ ಬಂದು ನೇರ ಜ್ಯೋತಿಯ ಮಂಚಕ್ಕೆ ಹೋದಳು.

"ತಂಗಿ, ಕೂಸಿಗೆ ಹಾಲು ಕುಡಿಸು."

"ಏ, ಏನಬೇ ನೀ?" ಅತ್ತೆ ಎದ್ದು ನಿಂತಳು. "ಕಸಾ ಹೊಡ್ಯಾಕಿ ಕಸಾ ಹೊಡಿ. ನೀ ಏನ್ ಡಾಕ್ಟರೇನು?"

"ಡಾಕ್ಟರ್ ಅಲ್ಲ. ಡಾಕ್ಟರನ್ನ ಕೇಳಿ ಬಂದೀನಿ. ನರ್ಸಮ್ಮನ್ನೂ ಕೇಳು, ಅಲ್ಲೇ ನಿಂತಾಳ." ಗದ್ದೆಮ್ಮನ ದನಿ ಏರಲಿಲ್ಲ. "ಯವ್ವಾ, ನನಗೂ ಅತ್ತಿ ಅದಾಳ. ಆಕಿನೂ ನನಗ ಹಿಂಗ ಅಂದಿದ್ಲು, ಹಾಲು ಕೆಟ್ಟಾವ ಅಂತ. ನಾ ಬಿಡಿಸಿದೆ. ಹತ್ತ ತಿಂಗಳ ಮಗಳು ನನ್ನ ತೊಡಿ ಮ್ಯಾಲ ಹೋದ್ಲು. ನನ್ನ ಎದಿಯಾಗ ಹಾಲು ಸೋರಾಕತ್ತಿತ್ತು, ಆಕಿ ಬಾಯಿ ಒಣಗಿ ಹೋಗಿತ್ತು. ನಿನ್ನ ಮೊಮ್ಮಗಳಿಗೆ ಹಂಗ ಆಗೋದು ಬ್ಯಾಡ."

ಅಕ್ಕಪಕ್ಕದ ಮಂಚದವರು ತಿರುಗಿ ನೋಡಿದರು. ರೇಣುಕಾದೇವಿ ಬಂದು, "ಹಾಲು ಕುಡಿಸಬೇಕು, ಹೌದು," ಎಂದಳು. ಜ್ಯೋತಿ ಅತ್ತೆಯ ಮುಖ ನೋಡಿದಳು. ಅತ್ತೆ ಬೇಡ ಎನ್ನಲಿಲ್ಲ, ಮಂಚದ ತುದಿಗೆ ಸರಿದು ಕೂತಳು. ಹುಡುಗಿ ಗೋಡೆಯ ಕಡೆ ತಿರುಗಿ ಮಗುವನ್ನು ಎದೆಗೆ ಹಚ್ಚಿದಳು. ಮೊದಲು ಮಗುವಿಗೆ ಚೀಪುವ ಶಕ್ತಿಯೇ ಇರಲಿಲ್ಲ. ಗದ್ದೆಮ್ಮ ಓಆರ್‌ಎಸ್ ನೀರನ್ನು ಚಮಚದಲ್ಲಿ ತೊಟ್ಟು ತೊಟ್ಟಾಗಿ ಬಾಯಿಗೆ ಬಿಡುತ್ತ ಕೂತಳು. ಒಂದು ಚಮಚ, ಸ್ವಲ್ಪ ತಡೆದು ಇನ್ನೊಂದು. ಮಗು ಒಮ್ಮೆ ಎಲ್ಲವನ್ನೂ ಕಾರಿಕೊಂಡಿತು. "ನಿನ್ನ ಮಾತು ಕೇಳಿ ಹಿಂಗಾತು ನೋಡು," ಎಂದಳು ಅತ್ತೆ. ಗದ್ದೆಮ್ಮ ಒರೆಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಶುರು ಮಾಡಿದಳು.

ಮರುದಿನ ಮಧ್ಯಾಹ್ನ ಅವಳು ಬೇರೆ ಮಂಚದ ಹತ್ತಿರ ಇದ್ದಾಗ ಜ್ಯೋತಿ ಕೂಗಿದಳು, "ಅಕ್ಕಾ! ಉಚ್ಚಿ ಹೊಯ್ತು ನೋಡ್ರಿ!" ಸೀರೆಯ ಮೇಲಿನ ಒದ್ದೆಯನ್ನು ತೋರಿಸಿ ಆ ಹುಡುಗಿ ನಗುತ್ತಿದ್ದಳು. ಮಗುವಿನ ಮೈಗೆ ನೀರು ಹತ್ತಿದೆ ಎನ್ನಲು ಅದಕ್ಕಿಂತ ಬೇರೆ ಗುರುತು ಬೇಕಿರಲಿಲ್ಲ. ಮಗು ಅಳುತ್ತಿತ್ತು, ಕಣ್ಣಲ್ಲಿ ನೀರಿತ್ತು. ಅತ್ತೆ ಮೊಮ್ಮಗಳ ಅಂಗಾಲು ತಿಕ್ಕುತ್ತ ಕೂತಿದ್ದಳು.

ಆ ಮಗುವಿನ ಡಬ್ಬಿಯ ಗುಣಿಯೂ ಹಳದಿಯಾಯಿತು. ರೋಟಾದ ಲಸಿಕೆ ಹಾಕಿಸಿರಲಿಲ್ಲ. ಒಂದೂವರೆ ತಿಂಗಳಿಂದ ಶುರುವಾಗುವ ಆ ಬಾಯಿಹನಿಗಳ ಹೊತ್ತಿಗೆ ಅವರ ಮನೆಯವರೆಲ್ಲ ಕಟ್ಟಡದ ಕೆಲಸಕ್ಕೆ ಬೇರೆ ಜಿಲ್ಲೆಗೆ ಹೋಗಿದ್ದರು. ಹಾಕಿಸಿದ್ದರೂ ಜುಲಾಬು ಬರುವುದೇ ಇಲ್ಲ ಅಂತಿಲ್ಲ, ಬಂದರೂ ಇಷ್ಟು ಜೋರಾಗುವುದು ಕಡಿಮೆ ಎಂದು ನಾಸೀರ್ ಹೇಳಿದರು. ಐದನೆಯ ದಿನ ಜ್ಯೋತಿ ಸತುವಿನ ಗುಳಿಗೆ, ನಾಲ್ಕು ಓಆರ್‌ಎಸ್ ಪಾಕೀಟು ಕಟ್ಟಿಕೊಂಡು ಊರಿಗೆ ಹೋದಳು. ಹೋಗುವಾಗ ಅವಳ ಅತ್ತೆ ಗದ್ದೆಮ್ಮನ ಮುಂದೆ ಒಂದು ಗಳಿಗೆ ನಿಂತು, "ನಿನ್ನ ಮಗಳ ಹೆಸರೇನಿತ್ತಬೇ?" ಎಂದು ಕೇಳಿದಳು. ಗದ್ದೆಮ್ಮ ಹೇಳಿದಳು. ಆ ಹೆಸರು ಅವಳ ಬಾಯಿಂದ ಹೊರಗೆ ಬಂದು ಎಷ್ಟು ವರ್ಷವಾಗಿತ್ತೋ.

ಮನೆಯಲ್ಲಿ ಮಾತ್ರ ಗದ್ದೆಮ್ಮ ಬಾಯಿ ಕಟ್ಟಿಕೊಂಡಿದ್ದಳು. ವಾರ ಪೂರ್ತಿ ಅತ್ತೆಗೆ ರೊಟ್ಟಿ ಹಾಕಿಕೊಟ್ಟಳು, ಸ್ನಾನಕ್ಕೆ ನೀರು ಕಾಯಿಸಿದಳು, ಆದರೆ ಮಾತಾಡಲಿಲ್ಲ. "ಯಾಕ ಈಕಿ ಮುಖಾ ಹಿಂಗ ಮಾಡ್ಯಾಳ?" ಎಂದು ಯಮನೂರಮ್ಮ ಮಗನನ್ನು ಕೇಳಿದಳು. ಮಾಳಿಂಗರಾಯನಿಗೂ ಗೊತ್ತಿರಲಿಲ್ಲ.

ರವಿವಾರ ಮಧ್ಯಾಹ್ನ ಯಮನೂರಮ್ಮ ಪಡಸಾಲೆಯಲ್ಲಿ ಕೂತು ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಗದ್ದೆಮ್ಮ ಎದುರಿಗೆ ಬಂದು ಕೂತಳು.

"ಅತ್ತಿ, ನನ್ನ ಹಾಲು ಕೆಟ್ಟಿರಲಿಲ್ಲ."

"ಯಾವ ಹಾಲು?"

ಇಷ್ಟು ವರ್ಷ ತಾನು ಹೊತ್ತ ಮಾತು ಆಡಿದವಳಿಗೆ ನೆನಪೇ ಇಲ್ಲ.

"ಹುಲಿಗೆವ್ವ ಹೋದಾಗ. ನೀ ಅಂದಿದ್ದಿ, ಹಾಲು ಕೆಟ್ಟಾವ ಅಂತ. ಅದು ಹಾಲಿಂದಲ್ಲ, ಕಣ್ಣಿಗೆ ಕಾಣದ ವೈರಸ್ಸಿಂದು. ಡಾಕ್ಟರ್ ಹೇಳ್ಯಾರ. ಹಾಲು ಕುಡಿಸಬೇಕಿತ್ತು. ನೀರು ಕೊಡಬೇಕಿತ್ತು. ನಾವು ಎಲ್ಡೂ ಬಿಡಿಸಿದ್ವಿ."

ಯಮನೂರಮ್ಮನ ಬೆರಳು ಮೊರದೊಳಗೆ ನಿಂತವು. ಅವಳು ಒಂದು ಹರಳನ್ನು ಹೆಕ್ಕಿ ಪಕ್ಕಕ್ಕಿಟ್ಟಳು.

"ನನ್ನವು ಎಲ್ಡ ಹೋದ್ವು," ಎಂದಳು. "ನಿನ್ನ ಗಂಡಗಿಂತ ಮೊದಲಿನವು. ಒಂದು ಗಂಡು, ಒಂದು ಹೆಣ್ಣು. ಹಿಂಗ, ಜುಲಾಬು ಹತ್ತಿ. ನಮ್ಮತ್ತಿ ನನ್ನ ಹಾಲಿಗೂ ಹಂಗ ಅಂದ್ಲು. ನನಗ ತಿಳಿದದ್ದು ಅಷ್ಟಬೇ. ನಾ ನಿನಗ ಅದನ್ನ ಅಂದೆ."

ಗದ್ದೆಮ್ಮನಿಗೆ ಈ ಎರಡು ಮಕ್ಕಳ ಸುದ್ದಿಯೇ ಗೊತ್ತಿರಲಿಲ್ಲ. ಒಂದೇ ಸೂರಿನಡಿ ಇಪ್ಪತ್ತೇಳು ವರ್ಷ ಇದ್ದರೂ. ಹೇಳಬೇಕೆಂದು ಕಟ್ಟಿಕೊಂಡು ಬಂದಿದ್ದ ಮಾತುಗಳೆಲ್ಲ ಎಲ್ಲೋ ಹೋದವು. ಸಿಟ್ಟು ಪೂರ್ತಿ ಹೋಯಿತು ಅಂತಲ್ಲ. ಅದನ್ನು ಈ ಮುದುಕಿಯ ಮೇಲೆ ಹಾಕಲು ಕೈ ಬರಲಿಲ್ಲ. ಅವಳು ಮೊರದ ಇನ್ನೊಂದು ಬದಿ ಹಿಡಿದು ತೊಗರಿಗೆ ಕೈ ಹಾಕಿದಳು. ಇಬ್ಬರೂ ಕೂಡಿ ಹಸನು ಮಾಡಿದರು.

"ನನ್ನ ಹಾಲೂ ಕೆಟ್ಟಿರಲಿಲ್ಲೇನು ಹಂಗಾದ್ರ?" ಎಂದಳು ಯಮನೂರಮ್ಮ, ತಲೆ ಎತ್ತದೆ.

"ಇಲ್ಲತ್ತಿ. ಯಾರದೂ ಕೆಟ್ಟಿರಲಿಲ್ಲ."

ಮುದುಕಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಎಂಬತ್ತರ ಹತ್ತಿರದ ಆ ಹೆಂಗಸು ಅಳುವುದನ್ನು ಗದ್ದೆಮ್ಮ ಅವತ್ತೇ ಮೊದಲು ನೋಡಿದ್ದು.

ಮುಂದಿನ ತಿಂಗಳು ಬಿಪಿ ಗುಳಿಗೆಗೆಂದು ಯಮನೂರಮ್ಮ ಸೊಸೆಯ ಜೊತೆ ಲಿಂಗಸುಗೂರಿಗೆ ಬಂದವಳು, "ಆ ವೈರಸ್ಸು ನನಗ ತೋರಿಸು," ಎಂದು ಹಟ ಹಿಡಿದಳು. ನಾಸೀರ್ ನಗಲಿಲ್ಲ. ಕುರ್ಚಿ ಹಾಕಿ ಕೂರಿಸಿ, ಕಂಪ್ಯೂಟರಿನಲ್ಲಿ ಲಕ್ಷ ಪಟ್ಟು ದೊಡ್ಡದು ಮಾಡಿದ ಚಿತ್ರ ತೋರಿಸಿದರು. ಬೂದು ಬಣ್ಣದ ಬಯಲಿನಲ್ಲಿ ದುಂಡಗೆ, ಸುತ್ತ ಕಡ್ಡಿ ಚುಚ್ಚಿದಂತೆ.

"ಬಂಡಿ ಗಾಲಿ ಇದ್ದಂಗೈತಲ್ಲ," ಎಂದಳು ಯಮನೂರಮ್ಮ.

"ಹೌದಬೇ. ಅದರ ಹೆಸರಿನ ಅರ್ಥನೂ ಅದ, ಗಾಲಿ."

ಅವಳು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಪರದೆಗೆ ಕೇಳುವ ಹಾಗೆ, "ನಿನ್ನ ಮನಿ ಹಾಳಾಗ," ಎಂದು ಬೈದು ಎದ್ದಳು.

ಮುಂಗಾರು ಬರುವ ಹೊತ್ತಿಗೆ ಅಧ್ಯಯನ ಮುಗಿಯಿತು. ಹಿಂದಿನ ಕೋಣೆಗೆ ಬೀಗ ಬಿತ್ತು, ನಾಸೀರ್ ಬೇರೆ ಊರಿಗೆ ಹೋದರು. ಹೋಗುವ ಮುನ್ನ ವಾರ್ಡಿನವರನ್ನೆಲ್ಲ ಕೂರಿಸಿ, ಈ ಮಕ್ಕಳಲ್ಲಿ ಮೂರರಲ್ಲಿ ಒಬ್ಬರಿಗೆ ಹತ್ತಿರ ಹತ್ತಿರ ರೋಟಾ ಇತ್ತು, ಅದರ ನಂತರ ನೋರೋ, ಕೆಲವು ಡಬ್ಬಿಗಳಲ್ಲಿ ಏನೂ ಸಿಗಲಿಲ್ಲ ಎಂದು ತಿಳಿಸಿದರು. ವರದಿಯ ಕೊನೆಯಲ್ಲಿ ಧನ್ಯವಾದ ಹೇಳುವ ಸಾಲಿನಲ್ಲಿ ಗದ್ದೆಮ್ಮನ ಹೆಸರು ಹಾಕಿದ್ದೇನೆ ಎಂದೂ ಹೇಳಿದರು. ಅದು ಇಂಗ್ಲಿಷಿನಲ್ಲಿತ್ತು. ರೇಣುಕಾದೇವಿ ಓದಿ ತೋರಿಸಿದಾಗ ಗದ್ದೆಮ್ಮ, "ಊರಿನ ಹೆಸರೂ ಹಾಕ್ಯಾರೇನ್ರಿ?" ಎಂದು ಕೇಳಿದಳು. ಹಾಕಿದ್ದರು.

ಅವಳು ಮತ್ತೆ ನೆಲ ಒರೆಸುವ ಕೆಲಸಕ್ಕೆ ಮರಳಿದಳು. ಆದರೆ ಜುಲಾಬಿನ ಮಗು ಬಂದರೆ ನರ್ಸುಗಳು, "ಗದ್ದೆಮ್ಮ, ಆ ತಾಯಿ ಹತ್ತಿರ ಒಂದೀಟು ಕೂಡು," ಎನ್ನುತ್ತಾರೆ. ಅವಳು ಮಾಪು ಗೋಡೆಗೆ ಆನಿಸಿ, ಕೈ ತೊಳೆದು ಹೋಗಿ ಕೂರುತ್ತಾಳೆ.

ಶ್ರಾವಣದಲ್ಲಿ ಒಂದು ಸಂಜೆ ಆಟೋ ಇಳಿದು ಮನೆಗೆ ಬರುತ್ತಿದ್ದಾಗ ಪಕ್ಕದ ಮನೆಯ ಕಟ್ಟೆಯ ಮೇಲೆ ಅತ್ತೆಯ ದನಿ ಕೇಳಿಸಿತು. ಆ ಮನೆಯ ಸೊಸೆ ಬೆಳಗಿನಿಂದ ಕಾರಿಕೊಳ್ಳುತ್ತಿದ್ದ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡಿದ್ದಳು. ಯಮನೂರಮ್ಮ ಲೀಟರಿನ ಬಾಟಲಿಯಲ್ಲಿ ಓಆರ್‌ಎಸ್ ಕಲಸಿಕೊಂಡು ಚಮಚದಲ್ಲಿ ಕೊಡುತ್ತಿದ್ದಳು.

"ಹಾಲು ಬಿಡಿಸಿದಿ ಅಂದ್ರ ನೋಡು ಮತ್ತ, ನನ್ನಂಥ ಕೆಟ್ಟಾಕಿ ಯಾರಿಲ್ಲ," ಎಂದು ಆ ಹುಡುಗಿಯನ್ನು ಗದರಿಸುತ್ತಿದ್ದಳು. "ಮುಂಜಾನಿತನಕ ನೋಡೂನು. ಕಣ್ಣು ಒಳಗ ಹೋದ್ವು, ಉಚ್ಚಿ ನಿಂತು ಅಂದ್ರ ಆಗಿಂದಾಗ ಗಾಡಿ ಹತ್ತೂದು. ತಡಾ ಮಾಡೋ ಹಂಗಿಲ್ಲ."

ಗದ್ದೆಮ್ಮ ಚೀಲ ಕೆಳಗಿಟ್ಟು ಕಟ್ಟೆಗೆ ಬಂದಳು. ಮಗುವಿನ ನೆತ್ತಿ ಮುಟ್ಟಿ, ನಾಲಿಗೆ ನೋಡಿದಳು. ನಾಲಿಗೆ ಹಸಿಯಾಗಿತ್ತು.

"ಪಾಕೀಟು ಪೂರಾ ಹಾಕಿದೇನತ್ತಿ?"

"ಪೂರಾ ಹಾಕೀನಿ. ಕಾಯಿಸಿ ಆರಿಸಿದ ನೀರಿಗೆ," ಎಂದಳು ಯಮನೂರಮ್ಮ. "ನೀ ಹೋಗಿ ಮೊದಲು ಕೈ ತೊಳಕೊಂಡು ಬಾ."